ಕುಂಬಳದ ಹೂವೂ ತೊಳೆಯದ ಕೈಯೂ

ಮಂಗಳವಾರ ಬೆಳಿಗ್ಗೆ ಆರೂವರೆಗೆ ತಾರಸಿಯ ಬಾಗಿಲು ತೆಗೆದ ಸೊಸೆ ಹೊಸ್ತಿಲಲ್ಲೇ ನಿಂತುಬಿಟ್ಟಳು. ಗುರುವಾರ ಅರಳಬೇಕಿದ್ದ ಹೆಣ್ಣು ಹೂವು ಅಂಗೈಯಗಲ ಬಾಯಿ ತೆರೆದುಕೊಂಡು ಕೂತಿತ್ತು.

ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಳೆಯದೆ, ಬರೆದಿಡದೆ ಯಾವುದನ್ನೂ ನಂಬಿದವಳಲ್ಲ. ಆ ಮೊಗ್ಗನ್ನೂ ದಿನಾ ಅಳೆದು ಗುರುವಾರ ಎಂದು ಲೆಕ್ಕ ಹಾಕಿದ್ದಳು. ಆದರೆ ಎರಡು ದಿನದಿಂದ ಬಿಸಿಲೇರಿತ್ತು. ವಸಂತ ಋತು ಅವಳ ನೋಟ್‌ಬುಕ್ ಓದಿರಲಿಲ್ಲ. ಕೊತ್ತಂಬರಿ ಸೊಪ್ಪಾಗುವುದನ್ನು ಮರೆತು ಬಿಳಿ ಹೂ ತುಂಬಿಕೊಂಡಿತ್ತು. ಪುದೀನ ತನ್ನ ಡಬ್ಬಿ ದಾಟಿ ಟೊಮೆಟೊ ಕುಂಡಕ್ಕೆ ಕಾಲು ಚಾಚಿತ್ತು. ಮೂಲೆಯ ತೊಟ್ಟಿಯಿಂದ ಹೊರಟ ಸಿಹಿಗುಂಬಳದ ಬಳ್ಳಿ ತಾರಸಿಯ ಗೋಡೆಯುದ್ದಕ್ಕೂ ಹಬ್ಬಿತ್ತು.

ತಾರಸಿಯಲ್ಲಿ ದಿನವಿಡೀ ಬಿಸಿಲು ಬೀಳುವ ಮೂಲೆ ಅದೊಂದೇ. ಬಟ್ಟೆ ಒಣಗಿಸುವ ತಂತಿಗೆ ಅತ್ತೆಗೂ ಅದೇ ಬೇಕು. ಎರಡು ವಸಂತ ಸುಮ್ಮನಿದ್ದವರು ಈ ಸಲ ಗಡುವು ಕೊಟ್ಟಿದ್ದರು: “ಬರೋ ಭಾನುವಾರದೊಳಗೆ ಒಂದೇ ಒಂದು ಕಾಯಿ ತೋರಿಸು. ಇಲ್ದಿದ್ರೆ ನಿನ್ನ ತೊಟ್ಟಿ ಕೆಳಗೆ, ನನ್ನ ಬಟ್ಟೆ ಮೇಲೆ.”

ಬಳ್ಳಿ ಬಿಟ್ಟದ್ದೆಲ್ಲ ಗಂಡು ಹೂವೇ. “ಇದು ಬಳ್ಳೀನೋ ಗಂಡುಮಕ್ಕಳ ಹಾಸ್ಟೆಲ್ಲೋ?” ಎಂದು ಅತ್ತೆ ಕೇಳಿದಾಗ ಸೊಸೆಯೇ ಪಾಠ ಮಾಡಿದ್ದಳು: “ಗಂಡು ಹೂ ಕಾಯಾಗಲ್ಲ ಅತ್ತೆ. ಬೇಕಾದ್ರೆ ಕಿತ್ತು ಕರೀರಿ.” ಅಂದಿನಿಂದ ಹೂವನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವುದು ಮನೆಯ ರೂಢಿಯಾಗಿತ್ತು. ಹೆಣ್ಣು ಮೊಗ್ಗು ಕಂಡ ಮೇಲೆ, ಇನ್ನು ಕೀಳಬೇಡಿ ಎಂದು ಹೇಳುವುದಿತ್ತು. ಬುಧವಾರ ಹೇಳಿದರಾಯಿತು ಎಂದುಕೊಂಡಿದ್ದಳು.

ಈಗ ಬಳ್ಳಿಯನ್ನು ಎಲೆ ಎಲೆ ಎತ್ತಿ ಹುಡುಕಿದಳು. ಗಂಡು ಹೂವಿನ ತೊಟ್ಟುಗಳು ಮಾತ್ರ ಸಿಕ್ಕವು, ಆಗಷ್ಟೇ ಚಿವುಟಿದಂತೆ ಹಸಿಹಸಿಯಾಗಿ. ಹೆಣ್ಣು ಹೂವಿನ ಬುಡದಲ್ಲಿ ನೆಲ್ಲಿಕಾಯಿ ಗಾತ್ರದ ಹಸಿರು ಗುಂಡು. ಹತ್ತು ಗಂಟೆಗೆ ಹೂ ಮುದುಡುವುದರೊಳಗೆ ಪರಾಗ ತಾಗಿದರೆ ಅದು ಕಾಯಿ. ಇಲ್ಲದಿದ್ದರೆ ನಾಲ್ಕು ದಿನದಲ್ಲಿ ಹಳದಿಯಾಗಿ ಉದುರುವ ಕಸ. ಮೂರು ಮಹಡಿ ಏರಿ ಜೇನ್ನೊಣ ಬಂದರೂ ಹೊತ್ತು ತರಲು ಪರಾಗವೇ ಇಲ್ಲ.

ಅವಳು ಎರಡೆರಡು ಮೆಟ್ಟಿಲು ಹಾರಿ ನೆಲಮಹಡಿಯ ಅಡುಗೆಮನೆಗೆ ಬಂದಳು. ತಟ್ಟೆಯಲ್ಲಿ ಒಂಬತ್ತು ಹೂ ಸಾಲಾಗಿ ಮಲಗಿದ್ದವು. ಹಿಟ್ಟು ಇನ್ನೂ ಕಲಸಿರಲಿಲ್ಲ.

“ನಡುವಿನ ಕಡ್ಡಿ ಎಲ್ಲಿ ಅತ್ತೆ? ಆ ಹಳದೀದು?”

“ಅದು ಕಹಿ ಕಣೇ. ಯಾವತ್ತೂ ಮುರಿದು ಬಿಸಾಕ್ತೀನಲ್ಲ.”

ಸೊಸೆ ಕಸದ ಬಟ್ಟಲಿಗೆ ಕೈ ಹಾಕಿದಳು. ಒಂಬತ್ತೂ ಸಿಕ್ಕವು, ಚಹಾದ ಚರಟದ ನೀರಿನಲ್ಲಿ ಮುಳುಗಿ. ನೀರು ಕುಡಿದ ಪರಾಗ ಉಬ್ಬಿ ಒಡೆದುಹೋಗುತ್ತದೆ. ಕಾಲೇಜಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಅದನ್ನು ಕಣ್ಣಾರೆ ಕಂಡಿದ್ದಳು. ನೆಲದ ಮೇಲೆ ಹಾಗೇ ಕುಸಿದು ಕೂತಳು.

“ಹೆಣ್ಣು ಹೂ ಅರಳಿದೆ ಅತ್ತೆ. ಮೂರು ವರ್ಷಕ್ಕೆ ಒಂದೇ ಒಂದು. ಅದಕ್ಕೊಂದು ಗಂಡು ಉಳಿದಿಲ್ಲ.”

ಅತ್ತೆಯ ಮುಖ ಸಣ್ಣಗಾಯಿತು. ಮೂಲೆ ಬೇಕಿತ್ತು ನಿಜ, ಆದರೆ ಹೀಗಲ್ಲ. “ಅಯ್ಯೋ, ನಾನೇನು ಬೇಕಂತ ಮಾಡಿದ್ನಾ? ನಸುಕಲ್ಲಿ ಅದು ಕಣ್ಣಿಗೇ ಬೀಳಲಿಲ್ಲ. ಕಿತ್ಕೊಳ್ಳಿ ಅಂದವಳು ನೀನೇ...” ಎನ್ನುತ್ತ ಬಲಗೈಯನ್ನು ಬೆನ್ನ ಹಿಂದೆ ಸರಿಸಿದರು.

ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ ಮಗ, ಬಸ್ಸಿನ ಡ್ರೈವರ್, ತಲೆಯೆತ್ತಿದ. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಮ್ಮಮ್ಮ ಕೈ ಬಚ್ಚಿಡ್ತಾಳೆ!”

“ಸುಮ್ನಿರೋ. ಬಣ್ಣ ಮೆತ್ಕೊಂಡಿದೆ, ಅಷ್ಟೆ,” ಎಂದು ಅತ್ತೆ ನಲ್ಲಿಯ ಕಡೆ ತಿರುಗಿದರು.

ಸೊಸೆ ನೆಲದಿಂದ ಚಿಮ್ಮಿದಳು. “ಕೈ ತೊಳೀಬೇಡಿ!”

ಅತ್ತೆ ಬೆಚ್ಚಿ ಕೈಯನ್ನು ಹಾಗೇ ಮೇಲೆತ್ತಿದರು. ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಒಂಬತ್ತು ಹೂವಿನ ಪುಡಿ, ಒಣಗಿದ ಅರಿಸಿನದ ಹಾಗೆ.

ಮೂರು ಮಹಡಿಯ ಮೆಟ್ಟಿಲು, ಅತ್ತೆಯದು ನೋವಿನ ಮಂಡಿ, ಕಂಬಿ ಹಿಡಿಯಲು ಬಲಗೈ ಇಲ್ಲ. ಸೊಸೆ ಎಡತೋಳಿಗೆ ಹೆಗಲು ಕೊಟ್ಟಳು. ಮಗ ಮುಂದೆ ಮುಂದೆ ಹೋಗುತ್ತ, “ದಾರಿ ಬಿಡಿ, ಗಂಡಿನ ಕಡೆಯವರು ಬರ್ತಿದ್ದಾರೆ!” ಎಂದು ಕೂಗಿದ. ಎರಡನೇ ಮಹಡಿಯ ದರ್ಜಿ ಬಾಯಿಗೆ ಹಾಕಿದ ದಾರ ಹಾಗೇ ಕಚ್ಚಿಕೊಂಡು ಹೊರಗೆ ಬಂದ.

“ಏನಮ್ಮಾ, ಕೈಗೆ ಏಟಾಯ್ತಾ?”

“ಏಟಲ್ಲಪ್ಪ, ಸಂಬಂಧ ಕುದುರಿಸೋಕೆ ಹೊರಟಿದ್ದೀನಿ,” ಎಂದರು ಅತ್ತೆ ಏದುಸಿರಿನ ನಡುವೆ.

ಹೂವಿನ ಮುಂದೆ ನಿಂತಾಗ ಅವರ ಧೈರ್ಯ ಜಾರಿತು. “ನನ್ನ ಕೈ ನಡುಗುತ್ತೆ ಕಣೇ.”

“ನಡುಗಲಿ ಬಿಡಿ, ಪುಡಿ ಚೆನ್ನಾಗಿ ಉದುರುತ್ತೆ.”

ಅತ್ತೆ ಉಸಿರು ಬಿಗಿಹಿಡಿದು, ಮಗುವಿನ ಕೆನ್ನೆ ಸವರುವಂತೆ, ಹೂವಿನ ನಡುವಿನ ಅಂಟಿಗೆ ಎರಡೂ ಬೆರಳು ಸವರಿದರು. ಸೊಸೆ ಗಂಟೆ ನೋಡಿ ಬರೆದುಕೊಂಡಳು: ಏಳು ಹತ್ತು. ಪರಾಗ ಎಲ್ಲಿಂದ: ಅತ್ತೆ, ಬಲಗೈ, ಎರಡು ಬೆರಳು.

ಬುಧವಾರದಿಂದ ಅವಳಿಗಿಂತ ಮೊದಲೇ ಅತ್ತೆ ತಾರಸಿಯಲ್ಲಿರುತ್ತಿದ್ದರು. ಗುರುವಾರ ಗುಂಡು ಹಸಿರಾಗೇ ಇತ್ತು. ಶುಕ್ರವಾರ ತೊಟ್ಟು ದಪ್ಪಗಾಯಿತು. ಭಾನುವಾರ ಅದು ಕಿತ್ತಳೆ ಗಾತ್ರಕ್ಕೆ ಉಬ್ಬಿ, ಎಣ್ಣೆ ಸವರಿದಂತೆ ಹೊಳೆಯುತ್ತ, ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು.

ಮಗ ತಂತಿಯ ಸುರುಳಿ ಹಿಡಿದು ಬಂದ. “ಎಲ್ಲಿ ಕಟ್ಟಲಮ್ಮ?”

“ನೀರಿನ ಟ್ಯಾಂಕಿನ ಪಕ್ಕ.”

“ಅಲ್ಲಿ ನೆರಳು. ಬಟ್ಟೆ ಒಣಗೋಕೆ ಸಂಜೆಯಾಗುತ್ತೆ.”

“ಆಗಲಿ. ಬಟ್ಟೆಗೇನು ಬಸ್ಸು ತಪ್ಪುತ್ತಾ?” ಎಂದ ಅತ್ತೆ, ಕಾಯಿ ನೋಡಲು ಬಂದ ದರ್ಜಿಯ ಕಡೆ ತಿರುಗಿದರು. “ಇವಳು ಮೂರು ವರ್ಷ ಅಳೆದಳಪ್ಪ. ನಾನು ಒಂದು ಸಲ ಮುಟ್ಟಿದೆ. ಅದಕ್ಕೇ ಕೈಗುಣ ಅನ್ನೋದು.”

ಸೊಸೆ ನಗು ತಡೆಯಲಾರದೆ, ಒಂದು ತೆಂಗಿನ ಚಿಪ್ಪನ್ನು ಕಾಯಿಯ ಕೆಳಗೆ ಆಸರೆಯಾಗಿ ಇಡತೊಡಗಿದಳು. “ಆ ಕಡೆ ಅಲ್ಲ, ಈ ಕಡೆ,” ಎಂದು ಅತ್ತೆ ಅದನ್ನು ಸರಿಪಡಿಸಿದರು.