ಯಾಕ ಅಂತ ಗೊತ್ತಾಗೂ ತನಕ

ದೀಪಾಲಿ ಬಿಲ್ವದ ಟೊಂಗೆಯಿಂದ ಪತ್ರೆ ಬಿಡಿಸುತ್ತಿದ್ದಾಗ ಅವಳ ಸಾಫ್ಟ್‌ವೇರ್ ತಂಡದ ರಾಹುಲ ಪಕ್ಕದಲ್ಲಿ ಬಂದು ಕೂತ.

"ಅಕ್ಕಾ, ಈ ಹೊತ್ತಿನ್ಯಾಗ ಕೇಳಬಾರದು. ಸಂಜಿಗೆ ಹೊಸ ಆವೃತ್ತಿ ಬಿಡಬೇಕು. ಕೀಬೋರ್ಡಿಂದು ಆ ಕೋಡಿನ ಸಾಲು ತೆಗೀಲೇನು?"

"ತಡಿಯೋ."

ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ತೀರಿಕೊಂಡ ಗುರುಶಾಂತಪ್ಪನವರ ದೇಹಕ್ಕೆ ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸಿದ್ದರು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ದೀಪಾಲಿಯ ತಂಡ ಸೇರಿದ್ದರು. ಹಲವು ಊರುಗಳ ಜನ ಸಂಬಳವಿಲ್ಲದೆ ಕೂಡಿ ಕಂಪ್ಯೂಟರ್ ನಡೆಸುವ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದ ತಂಡ ಅದು. ಆ ಸಿಸ್ಟಮ್ಮಿನ ಕೋಡಿನಲ್ಲಿ ಯಾವ ಸಾಲನ್ನು ಯಾರು ಬರೆದರು, ಏಕೆ ಬರೆದರು ಎಂದು ಹುಡುಕಿ ದಾಖಲಿಸುವುದು ಅವರ ಕೆಲಸ. ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಸೇರಿಸಿ, ಫೋನು ಮಾಡಿ ತಿಳಿಸುತ್ತಿದ್ದರು.

ಪತ್ನಿ ಸುಮಂಗಲಾ ಪತ್ರೆಯ ತಟ್ಟೆ ತೆಗೆದುಕೊಂಡರು. "ಮಂದಿ ಬರ್ದದ್ದಕ್ಕೆಲ್ಲಾ ಯಾಕ, ಯಾಕ ಅಂತಿದ್ರು. ನನ್ನ ಯಾಕ ಮದುವಿ ಆದ್ರಿ ಅಂದ್ರ, ದಾಖಲೆ ಸಿಕ್ಕಿಲ್ಲ ಅಂತ ನಗ್ತಿದ್ರು."

*

ಹೋದ ತಿಂಗಳು ಅದೇ ಸಾಲಿಗಾಗಿ ದೀಪಾಲಿ ಗುರುಶಾಂತಪ್ಪನವರೊಡನೆ ಜಗಳವಾಡಿದ್ದಳು. ಒಂದೇ ಕೀಲಿಯನ್ನು ಬೇಗಬೇಗ ಹಲವು ಸಲ ಒತ್ತಿದರೆ ಒಂದೇ ಸಲವೆಂದು ತಿಳಿ ಎಂದು ಅದು ಕಂಪ್ಯೂಟರಿಗೆ ಹೇಳುತ್ತಿತ್ತು.

"ಕಾಕಾ, ಲಗೂ ಲಗೂ ಟೈಪ್ ಮಾಡವ್ರಿಗೆ ಅಡ್ಡ ಬರತೈತಿ. ಬರ್ದವ್ರ ಹೆಸರೂ ಇಲ್ಲ."

ವರ್ಷಗಳ ಹಿಂದೆ ಕೋಡನ್ನೆಲ್ಲ ಹೊಸ ಜಾಗಕ್ಕೆ ಸಾಗಿಸುವಾಗ ಯಾರೋ ಮೊದಲಿನ ಚರಿತ್ರೆಯನ್ನು ಬಿಟ್ಟು, 'ಹಳೆಯದನ್ನೆಲ್ಲ ತಂದು ಹಾಕಿದೆ' ಎಂದಷ್ಟೇ ಬರೆದಿದ್ದರು. ಜಾಡು ಅಲ್ಲಿಗೇ ನಿಂತಿತ್ತು.

"ಹೆಸರಿಲ್ಲ ಅಂದ್ರ ಮನಶ್ಯಾ ಇರಲಿಲ್ಲ ಅಂತಲ್ಲವಾ. ಯಾರದರ ಹತ್ರ ಹಳೇ ಸಿ.ಡಿ. ಇರತೈತಿ. ಯಾಕ ಅಂತ ಗೊತ್ತಾಗೂ ತನಕ ಕೈ ಹಚ್ಚಬ್ಯಾಡ."

"ಸಿಗದಿದ್ರ?"

"ಇನ್ನೊಂದು ಕಪ್ ಚಾ ಕುಡುದು ಹುಡುಕೂಣು."

*

ಹೆಗಲಿಗೆ ಚೀಲ ಹಾಕಿದ್ದ ಹಿರಿಯರೊಬ್ಬರು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ನಿಂತುಬಿಟ್ಟರು. ದೀಪಾಲಿ ಎದ್ದು ಹೋದಳು.

"ನಾನು ಲಿಂಗಂಪಲ್ಲಿ ಮಲ್ಲಪ್ಪ. ಗುರುಶಾಂತಪ್ಪನವ್ರು ಮೊನ್ನೆ ಫೋನ್ ಮಾಡಿದ್ರವ್ವಾ. ಹಳೇ ಸಿ.ಡಿ. ತಗೊಂಡು ಊಟಕ್ಕ ಬರ್ರಿ, ಕೀಬೋರ್ಡಿನ ಸಾಲಿಂದು ನಮ್ಮ ದೀಪಾಲಿಗೆ ನೀವ ಹೇಳ್ರಿ ಅಂದ್ರು. ನೋಡಿದ್ರ ಹಿಂಗ ಕೂತಾರ."

"ನಾನ ದೀಪಾಲಿ. ಆ ಸಾಲು ನೀವು ಬರ್ದದ್ದೇನ್ರಿ? ಯಾಕ್ರಿ?"

"ನಮ್ಮಪ್ಪನ ಕೈ ನಡಗ್ತಿದ್ವು. ಒಂದು ಅಕ್ಷರ ಒತ್ತಿದ್ರ ನಾಕು ಬೀಳ್ತಿದ್ವು." ಚೀಲದ ಜಿಪ್ಪಿನ ಮೇಲೆ ಅವರ ಬೆರಳು ಜಾರಿತು, ಮತ್ತೆ ಜಾರಿತು. "ಈಗ ನನಗೂ ಬಂದೈತಿ. ನಿಮ್ಮ ಸಿಸ್ಟಮ್ ಇದ್ರಷ್ಟ ಬರಿಯಾಕ ಆಗತೈತಿ ನೋಡ್ರಿ."

ದೀಪಾಲಿ ರಾಹುಲನ ಕಡೆ ತಿರುಗಿದಳು. "ಅದು ಇರಲಿ. ಇವರ ಹೆಸರು ಹಾಕು. ಯಾಕ ಅನ್ನೂದೂ ಬರಿ. ಹುಡುಕಿದವ್ರು ಕಾಕಾ ಅಂತ ಬರಿ."

ಮಲ್ಲಪ್ಪ ಪತ್ರೆ ಹಿಡಿದು ಗುರುಶಾಂತಪ್ಪನವರ ಮುಂದೆ ಬಗ್ಗಿದರು. ಪತ್ರೆ ನೆಲಕ್ಕೆ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು.

"ಲಗೂ ಮಾಡ್ರೀ, ಗಾಡಿ ಬಂದೈತಿ," ಹಿಂದಿನಿಂದ ಯಾರೋ ಕೂಗಿದರು.

ದೀಪಾಲಿ ಎರಡೂ ತೋಳು ಚಾಚಿ ಹಿಂದಿನವರನ್ನು ತಡೆದು ನಿಂತಳು. ಅವಳ ಮುಂದೆ ಮೂರೆಲೆಯ ಆ ಹಸಿರು ಪತ್ರೆ ಮಲ್ಲಪ್ಪನವರ ಬೆರಳುಗಳ ನಡುವೆ ನಡುಗುತ್ತ, ನಡುಗುತ್ತ, ಗುರುಶಾಂತಪ್ಪನವರ ತೆರೆದ ಅಂಗೈಗೆ ಇಳಿಯುತ್ತಿತ್ತು.