ನೀರು ಬಂತು, ಕಲ್ಲಾಗು

ನೆಲ್ ದೊಡ್ಡವಳಾಗಿಬಿಟ್ಟಿದ್ದಾಳೆ ಅನ್ನೋದು ಚರ್ಚಿನ ಹಾಲ್‌ನಲ್ಲಿ ಎಲ್ಲರಿಗೂ ಕಂಡಿತ್ತು, ಹೆತ್ತ ತಾಯಿ ಲಿಯಾನ್ ಒಬ್ಬಳನ್ನು ಬಿಟ್ಟು. ಮಂಗಳವಾರದ ಆ ಕೂಟ ಇದ್ದಿದ್ದೇ ಅಂಬೆಗಾಲಿಡೋ, ತಪ್ಪುಹೆಜ್ಜೆ ಹಾಕೋ ಕೂಸುಗಳಿಗೆ. ನೆಲ್‌ಗೆ ಮೂರೂವರೆ ದಾಟಿತ್ತು. ಪ್ಲಾಸ್ಟಿಕ್ ಜಾರುಬಂಡೆಯ ಮೇಲೆ ಕೂತರೆ ಕಾಲು ನೆಲಕ್ಕೇ ತಾಗುತ್ತಿತ್ತು, ಇನ್ನು ಜಾರೋದೆಲ್ಲಿಂದ ಬಂತು? ಆಟದ ಕಾರಿನೊಳಗೆ ಹೊಕ್ಕಳೆಂದರೆ ಹೊರಗೆಳೆಯೋಕೆ ಇಬ್ಬರು ಬೇಕಾಗುತ್ತಿತ್ತು.

"ಏನೇ ಲಿಯಾನ್, ಇವತ್ತು ಮನೆಗೆ ನಿನ್ನ ಮಗಳೇ ಕಾರು ಓಡಿಸ್ಕೊಂಡು ಹೋಗ್ತಾಳಾ?" ಅಂತ ಹೇಲಿ ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಾ ಕಿಚಾಯಿಸಿದಳು. ಹೇಲಿಯ ಮಗ ಆಲ್ಬಿ ಇನ್ನೂ ತೆವಳೋ ಕೂಸು. ಅವಳಿಗೇನು, ಇನ್ನೂ ಬೇಕಾದಷ್ಟು ಮಂಗಳವಾರಗಳಿದ್ದವು.

"ಹೂಂ, ಮದುವೇನೂ ಇದೇ ಹಾಲ್‌ನಲ್ಲೇ ಮಾಡ್ತೀನಿ, ನೀನು ಉಡುಗೊರೆ ತಗೊಂಡು ಬಾ," ಅಂದಳು ಲಿಯಾನ್.

ಎಲ್ಲರೂ ನಕ್ಕರು. ಲಿಯಾನ್‌ಗೆ ಮಾತ್ರ ಒಳಗೆ ಉರಿಯಿತು. ಇನ್ನೊಬ್ಬರು ದೊಡ್ಡವರ ಪಕ್ಕ ಕೂತು ಬಿಸಿಬಿಸಿ ಚಹಾ ಕುಡಿಯೋ ಜಾಗ ಅಂತ ಅವಳಿಗೆ ಇದ್ದಿದ್ದು ಇದೊಂದೇ. ಉಳಿದ ಹೊತ್ತೆಲ್ಲ ವೃದ್ಧಾಶ್ರಮದ ಪಾಳಿ, ಪಾಳಿ ಮುಗಿದರೆ ಮಗು. ಮಗುವಿನ ಅಪ್ಪ ಅನ್ನಿಸಿಕೊಂಡವನು ಎಂದೋ ಕೈತೊಳೆದುಕೊಂಡು ಹೋಗಿದ್ದ.

ಕೂಟ ನಡೆಸುತ್ತಿದ್ದವಳು ಡಾಟ್. ಸ್ಯಾಂಡ್‌ಹೋಮ್ ಊರಿನ ಅರ್ಧ ಜನ ಅವಳ ಕಣ್ಣೆದುರೇ ಅಂಬೆಗಾಲಿಟ್ಟವರು, ಲಿಯಾನ್ ಕೂಡ. ಎಲ್ಲರಿಗೂ ಡಾಟ್ ಅಜ್ಜಿ. ಕೊನೆಗೆ ಮಕ್ಕಳು ಚೀರಾಡಿ ಸುಸ್ತಾದಾಗ ಅವಳು ಒಂದು ಆಟ ಆಡಿಸುತ್ತಿದ್ದಳು. ದೊಡ್ಡದೊಂದು ನೀಲಿ ಬಟ್ಟೆಯನ್ನು ಅಮ್ಮಂದಿರೆಲ್ಲ ಸುತ್ತ ನಿಂತು ಹಿಡಿದು ಅಲೆಯ ಹಾಗೆ ಏಳಿಸಬೇಕು. ಡಾಟ್ ಅಜ್ಜಿ "ಬಂತು ಬಂತು, ನೀರು ಬಂತು!" ಅಂತ ಕೂಗಬೇಕು. ಕೂಗಿದ್ದೇ ತಡ ಮಕ್ಕಳೆಲ್ಲ ಮುದುಡಿ ಮಲಗಿ ಕಲ್ಲಾಗಬೇಕು. ಮೇಲಿಂದ ಬಟ್ಟೆ ಇಳಿಯುತ್ತೆ. ಕಲ್ಲು ಮಿಸುಕಬಾರದು, ಕಲ್ಲು ಮಾತಾಡಬಾರದು, ಅಜ್ಜಿಯ ಹಿತ್ತಾಳೆ ಕೈಗಂಟೆ ಬಾರಿಸೋ ತನಕ. ದಿನಕ್ಕೆರಡು ಸಲ ಸಮುದ್ರ ನುಗ್ಗೋ ಊರಲ್ಲಿ, ಮರಳಿನ ಮೇಲೆ ನೀರು ಮನುಷ್ಯರಿಗಿಂತ ಜೋರಾಗಿ ಓಡಿಬರೋ ಊರಲ್ಲಿ, ನೀರು ಬಂದರೆ ಮಲಗು ಅಂತ ಮಕ್ಕಳಿಗೆ ಕಲಿಸ್ತಾರೇನ್ರೀ? ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯೋದು ಯಾವಾಗಲೂ ಆಮೇಲೆ.

ಉಳಿದ ಕೂಸುಗಳು ಕಿಸಕ್ಕನೆ ನಗುತ್ತಿದ್ದವು, ಬಟ್ಟೆಯಡಿಯಿಂದ ತಲೆ ಹಾಕುತ್ತಿದ್ದವು. ನೆಲ್ ಹಾಗಲ್ಲ. ಅವಳು ಕಲ್ಲಾದರೆ ಕಲ್ಲೇ. ಮೂಗಿನ ಮೇಲೆ ನೊಣ ಕೂತರೂ ರೆಪ್ಪೆ ಆಡಿಸುತ್ತಿರಲಿಲ್ಲ.

"ಇಂಥಾ ಕಲ್ಲನ್ನ ನಾನು ಕಂಡೇ ಇಲ್ಲ," ಅಂದಿದ್ದಳು ಡಾಟ್ ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಅಷ್ಟೊಂದು ಸುಮ್ನಿರೋದು ನಂಗ್ಯಾಕೋ ಹಿಡಿಸಲ್ಲ ಕಣಮ್ಮ. ಅವಳ ವಯಸ್ಸಿಗೆ ಈ ಜಾಗ ಸಾಲದು. ಬೇರೆ ಎಲ್ಲಾದ್ರೂ ನೋಡು. ಮುಂದಿನ ವಾರ ಗಂಟೆ ಅವಳ ಕೈಗೇ ಕೊಡೋಣ," ಅಂದಳು.

ಅದು ಆ ಹಾಲ್‌ನ ಪದ್ಧತಿ. ಕೂಟ ಬಿಟ್ಟು ಹೋಗೋ ಮಗು ಕೊನೆಯ ದಿನ ತಾನೇ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸಬೇಕು. ಅಲ್ಲಿಗೆ ಅದರ ಕಲ್ಲಾಟ ಮುಗಿಯಿತು. ಲಿಯಾನ್ ಕೂಡ ಒಂದಾನೊಂದು ಕಾಲಕ್ಕೆ ಬಾರಿಸಿದ್ದಳು.

ಲಿಯಾನ್ ತಲೆಯಾಡಿಸಿದಳು. ಆದರೆ ಮನೆಯಲ್ಲಿ ಏನು ನಡೆಯುತ್ತಿತ್ತು ಅನ್ನೋದನ್ನು ಬಾಯಿ ಬಿಡಲಿಲ್ಲ.

ಮನೆಯಲ್ಲೂ ಅವಳು ಆ ಆಟ ಆಡಿಸುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ತಲೆ ಸಿಡಿಯುವಾಗ, ಮಗು "ಅಮ್ಮಾ ಅದ್ಯಾಕೆ, ಅಮ್ಮಾ ಇದ್ಯಾಕೆ" ಅಂತ ಜೀವ ತಿನ್ನುವಾಗ, "ಬಂತು ಬಂತು, ನೀರು ಬಂತು" ಅಂದರೆ ಸಾಕು. ಮನೆ ತಣ್ಣಗೆ. ಆಮೇಲೆ ಕಪ್ಪಿಗೆ ಚಮಚ ಬಡಿದರೆ ಮಗು ಎದ್ದು ಬರುತ್ತಿತ್ತು. ಒಂದು ಮಧ್ಯಾಹ್ನ ಹಾಗೆ ಹೇಳಿ ಲಿಯಾನ್ ಸೋಫಾದ ಮೇಲೆ ನಿದ್ದೆ ಹೋಗಿಬಿಟ್ಟಳು. ಎದ್ದಾಗ ಕಿಟಕಿಯಲ್ಲಿ ಬೆಳಕೇ ಇಲ್ಲ. 'ನೆಲ್' ಅಂತ ಕೂಗಿದಳು, 'ಪುಟ್ಟೀ' ಅಂತ ಕರೆದಳು, ಮಹಡಿ ಹತ್ತಿ ಇಳಿದಳು, ಬೀದಿಗೂ ಓಡಿದಳು. ಮಗು ಅದೇ ಸೋಫಾದ ಹಿಂದೆ, ಗೋಡೆಯ ಸಂದಿನಲ್ಲಿ ಮುದುಡಿ ಮಲಗಿತ್ತು. ಕಣ್ಣು ಬಿಟ್ಟೇ ಇತ್ತು. ಚಡ್ಡಿ ಒದ್ದೆಯಾಗಿ ಆರಿತ್ತು.

"ಕೂಗಿದ್ದು ಕೇಳಿಸಲಿಲ್ವೇನೇ?"

ನೆಲ್ ಉತ್ತರ ಕೊಡಲಿಲ್ಲ. ಲಿಯಾನ್ ಅಡುಗೆಮನೆಗೆ ಓಡಿ ಚಮಚ ಬಡಿದ ಮೇಲೆ ಮಗು ಎದ್ದು ಕೂತು, "ಕೇಳಿಸ್ತು. ನೀನು ಬಾರಿಸಲೇ ಇಲ್ಲ," ಅಂದಿತು.

ಆವತ್ತು ಲಿಯಾನ್ ಮಗುವನ್ನು ಅವುಚಿಕೊಂಡು ಅತ್ತಳು. ಇನ್ನು ಮುಂದೆ ಈ ಆಟ ಬೇಡವೇ ಬೇಡ ಅಂದುಕೊಂಡಳು. ಅದಾದ ಮೇಲೆ ಒಂದು ಸಲವೂ ಆಡಿಸಲಿಲ್ಲ ಅಂತ ಹೇಳೋಕೆ ನನಗೂ ಆಸೆ. ಏನು ಮಾಡೋದು, ಆಡಿಸಿದಳು.

ಕೊನೆಯ ಮಂಗಳವಾರ ಬಂತು. ನೆಲ್ ಬೆಳಗಿನಿಂದ ಕೈ ಆಡಿಸಿ ಆಡಿಸಿ ಗಂಟೆ ಬಾರಿಸೋದನ್ನೇ ಅಭ್ಯಾಸ ಮಾಡುತ್ತಿದ್ದಳು. ಕೊನೆಯದಾಗಿ ಒಂದು ಸಲ ಕಲ್ಲಾಗಿ ಆಮೇಲೆ ಬಾರಿಸ್ತೀನಿ ಅಂತ ತಾನೇ ಕೇಳಿಕೊಂಡು ಮಲಗಿದಳು. ಬಟ್ಟೆ ಇಳಿಯಿತು. ಅಷ್ಟರಲ್ಲಿ ಆಲ್ಬಿ ತೆವಳಿಕೊಂಡು ಒಳಗೆ ಹೋಗಿದ್ದಾನೆ, ಅವನ ಕೈ ನೆಲ್‌ಳ ಮೈಯಡಿ ಸಿಕ್ಕಿಬಿಟ್ಟಿದೆ. ಕೂಸು ಉಸಿರು ಕಟ್ಟಿ ಕಿರುಚಿತು. ಪಕ್ಕದಲ್ಲೇ ಅಷ್ಟು ಕಿರುಚಿದರೂ ನೆಲ್ ಹೊರಳಲಿಲ್ಲ. ಬಟ್ಟೆ ಕಿತ್ತೆಸೆದು ನೋಡಿದರೆ ಅವಳ ಕಣ್ಣು ತೆರೆದೇ ಇದೆ, ಕೂಸಿನ ಮುಖವನ್ನೇ ನೋಡುತ್ತಿದೆ.

"ಇದೇನು ಮಗುವೋ ಪಿಶಾಚಿಯೋ?" ಅಂತ ಹೇಲಿ ಅರಚಿದಳು. "ನೋಡ್ತಾ ಬಿದ್ಕೊಂಡಿದ್ದಾಳಲ್ಲೇ! ಕತ್ತೆ ವಯಸ್ಸಾಗಿದೆ, ಕೂಸುಗಳ ಮಧ್ಯೆ ತಂದು ಬಿಡ್ತೀಯಲ್ಲ, ನಾಚ್ಕೆ ಆಗಲ್ವಾ?"

ಲಿಯಾನ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ಮಗಳನ್ನು ಬಾಚಿ ಎತ್ತಿಕೊಂಡು, ಕೋಟನ್ನೂ ಹಾಕದೆ ಹೊರಗೆ ನಡೆದಳು. ಡಾಟ್ ಅಜ್ಜಿ ಸದ್ದಾಗದ ಹಾಗೆ ಗಂಟೆಯ ನಾಲಿಗೆ ಹಿಡಿದುಕೊಂಡು ಬಾಗಿಲ ತನಕ ಓಡಿ ಬಂದಳು. "ಲಿಯಾನ್! ನಿಲ್ಲಮ್ಮ, ಮಗು ಒಂದು ಸಲ ಬಾರಿಸಲಿ!"

"ಸಾಕು ಬಿಡಿ ನಿಮ್ಮ ಗಂಟೆ!" ಅಂದು ಲಿಯಾನ್ ಕಾರಿನ ಬಾಗಿಲು ಬಡಿದಳು. ನೆಲ್ ಸೀಟಿನಲ್ಲಿ ಕೊರಡಿನ ಹಾಗೆ ಸೆಟೆದು ಕೂತಿದ್ದಳು. ಮನೆಗೆ ಹೋಗಿ ಕಪ್ಪಿಗೆ ಚಮಚ ಬಡಿದ ಮೇಲೆಯೇ ಮೈ ಸಡಿಲವಾಗಿದ್ದು.

"ಇದು ಮನೆ ಗಂಟೆ ಅಮ್ಮಾ," ಅಂದಿತು ಮಗು. "ಡಾಟ್ ಅಜ್ಜಿದು ಬಾಕಿ ಇದೆ."

ಮುಂದೆ ಬೇರೆ ಜಾಗ ಹುಡುಕಬೇಕಲ್ಲ. ನರ್ಸರಿಯಲ್ಲಿ ಜಾಗವಿಲ್ಲ. ಬ್ಯಾಲೆ ತರಗತಿಯಲ್ಲಿ ಮಕ್ಕಳೆಲ್ಲ ಚಿಟ್ಟೆಯಾಗಿ ಹಾರಿದರೆ ಇವಳು ಕನ್ನಡಿ ನೋಡುತ್ತಾ ನಿಂತಲ್ಲೇ ನಿಂತಳು. ಲಾಗ ಹಾಕೋ ಕ್ಲಾಸಿನ ಮಾಸ್ತರು ಶಿಳ್ಳೆ ಊದಿದರೆ ಕಿವಿ ಮುಚ್ಚಿಕೊಂಡಳು. ಈಜುಕೊಳದ ಮೆಟ್ಟಿಲೇ ಇಳಿಯಲಿಲ್ಲ. ಲಿಯಾನ್ ಸಾಕಪ್ಪಾ ಸಾಕು ಅನ್ನೋ ಹೊತ್ತಿಗೆ ಕಡಲತೀರದ ಶಾಲೆಯೊಂದರ ಸುದ್ದಿ ಸಿಕ್ಕಿತು. ಫ್ರಾನ್ ಅನ್ನೋ ಹೆಂಗಸು, ಬಾಯಿ ತುಂಬ ನಗೋಳು, ಬೆಳಗಿನ ಹೊತ್ತು ಮೂರ್ನಾಲ್ಕು ವರ್ಷದ ಮಕ್ಕಳನ್ನು ಕಡಲ ದಂಡೆಯ ಕಲ್ಲುಗಳ ನಡುವೆ ಆಡಿಸುತ್ತಿದ್ದಳು. ಮಳೆಯಂಗಿ ತೊಟ್ಟು ಏಡಿ ಹಿಡಿಯೋದು, ಬೆಂಕಿ ಹಾಕಿ ಬ್ರೆಡ್ಡು ಸುಡೋದು, ಕೆಸರಲ್ಲಿ ಬೀಳೋದು, ಇಷ್ಟೇ.

"ನಾನು ಕೇಳೋದು ಒಂದೇ ಮಾತು," ಅಂದಳು ಫ್ರಾನ್. "ಕರೆದ್ರೆ ಬರ್ತಾಳಾ? ನಾನು 'ಕೂ' ಅಂದ್ರೆ 'ಕೂ' ಅನ್ಬೇಕು. ಇಲ್ಲಿ ಅದೊಂದು ಇಲ್ದಿದ್ರೆ ಆಗಲ್ಲ ನೋಡು."

ಲಿಯಾನ್‌ಗೆ ಸೋಫಾದ ಹಿಂದಿನ ಸಂದು ಕಣ್ಣಿಗೆ ಕಟ್ಟಿತು. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಇದೂ ಕೈತಪ್ಪುತ್ತೆ, ಎಂಥಾ ತಾಯಿ ಅಂತಲೂ ಅಂದುಕೊಳ್ಳುತ್ತಾಳೆ.

"ಒಂದೇ ಕೂಗಿಗೆ ಓಡಿ ಬರ್ತಾಳೆ," ಅಂದಳು. "ತುಂಬಾ ಒಳ್ಳೇ ಮಗು. ಹೇಳಿದ ಮಾತು ಮೀರೋದೇ ಇಲ್ಲ."

ಕೊನೆಯ ಮಾತಂತೂ ನಿಜವೇ ಆಗಿತ್ತು.

ಬೇರೆ ಮಕ್ಕಳ ಮಳೆಯಂಗಿ ಹಳದಿ, ಕೆಂಪು. ಹಳೇ ಬಟ್ಟೆಯಂಗಡಿಯಲ್ಲಿ ನೆಲ್‌ಗೆ ಸಿಕ್ಕಿದ್ದು ಬೂದುಬಣ್ಣದ್ದು. ಅದನ್ನು ತೊಟ್ಟು ಅವಳು ಖುಷಿಯಾಗಿ ಹೋದಳು. 'ಕೂ' ಅಂದರೆ ಎಲ್ಲರಿಗಿಂತ ಜೋರಾಗಿ 'ಕೂ' ಅಂದಳು. ಮನೆಗೆ ಬಂದು ಜೇಬಿಂದ ಚಿಪ್ಪು ಸುರಿದಳು, ಒಂದೇ ಸಮನೆ ಹರಟಿದಳು. ಬಚಾವಾದೆ ಅಂದುಕೊಂಡಳು ಲಿಯಾನ್.

ದೊಡ್ಡ ಉಬ್ಬರದ ಒಂದು ಬೆಳಗ್ಗೆ ಅವಳು ಮಗಳನ್ನು ಕರೆದೊಯ್ಯಲು ದಂಡೆಯ ಗೋಡೆಯ ಹತ್ತಿರ ನಿಂತಿದ್ದಳು. ಇದ್ದಕ್ಕಿದ್ದಂತೆ ಮಂಜು ಕವಿಯಿತು. ಮೊದಲ ಸೈರನ್ ಕೂಗಿತು. ಸ್ಯಾಂಡ್‌ಹೋಮ್‌ನಲ್ಲಿ ಮೊದಲ ಸೈರನ್ ಅಂದರೆ ಮರಳು ಬಿಟ್ಟು ಮೇಲೆ ಬನ್ನಿ ಅಂತ, ಎರಡನೆಯದು ಅಂದರೆ ನೀರು ಕಾಲ ಬುಡಕ್ಕೇ ಬಂತು ಅಂತ. ಕೆಳಗಿಂದ ಫ್ರಾನ್‌ಳ ಗಟ್ಟಿ ದನಿ ಏನೋ ಕೂಗಿತು. ಮಂಜಿನೊಳಗಿಂದ ಹಳದಿ ಅಂಗಿ, ಕೆಂಪು ಅಂಗಿ ಒಂದೊಂದಾಗಿ ಗೋಡೆ ಹತ್ತಿ ಬಂದವು. ಬೂದು ಅಂಗಿ ಬರಲಿಲ್ಲ.

"ಕೂ!" ಅಂದಳು ಫ್ರಾನ್. ಮಕ್ಕಳೆಲ್ಲ "ಕೂ!" ಅಂದರು. "ನೆಲ್! ಕೂ!"

ಉತ್ತರವಿಲ್ಲ.

"ಈಗಷ್ಟೇ ನನ್ನ ಹಿಂದೇನೇ ಇದ್ಳು," ಅಂದಳು ಫ್ರಾನ್, ಮಂಜಿನತ್ತ ತಿರುಗಿ ನೋಡುತ್ತಾ. "ಸೈರನ್ ಆಯ್ತು, ನಾನು ಕೂಗ್ದೆ, ಎಲ್ಲಾ ಓಡಿದ್ರು..."

"ಏನಂತ ಕೂಗ್ದೆ?"

"ಇನ್ನೇನಂತ ಕೂಗ್ತಾರೆ? ಬಂತು ಬಂತು, ನೀರು ಬಂತು, ಅಂತ."

ಲಿಯಾನ್ ಗೋಡೆ ಹಾರಿ ಕೆಳಗೆ ಓಡಿದಳು. ಮಂಜಿನಲ್ಲಿ ಎಲ್ಲಿ ನೋಡಿದರೂ ಕಲ್ಲು. ಮಕ್ಕಳ ಗಾತ್ರದ ಕಲ್ಲು, ಒದ್ದೆ, ಬೂದು, ನೂರಾರು. "ನೆಲ್! ಆಟ ಮುಗೀತು! ಏಳೇ ಪುಟ್ಟೀ! ನಿನ್ನ ಕಾಲಿಗೆ ಬೀಳ್ತೀನಿ, ಏಳೇ!" ಫ್ರಾನ್‌ಳ ಫ್ಲಾಸ್ಕಿನ ಲೋಟ ಕಿತ್ತುಕೊಂಡು ಕಾರಿನ ಬೀಗದ ಕೈಯಿಂದ ಟಣಟಣ ಬಡಿದಳು. ಯಾವ ಕಲ್ಲೂ ಏಳಲಿಲ್ಲ. ಅದು ಮನೆ ಗಂಟೆ, ಬಾಕಿ ಇದ್ದದ್ದು ಡಾಟ್ ಅಜ್ಜಿಯದು. ಕಲ್ಲುಗಳ ಸಂದಿನಲ್ಲಿ ಸುಯ್ಯೆಂದು ನೀರು ಹರಿದು ಬಂದು ಅವಳ ಬೂಟು ಮುಚ್ಚಿತು.

"ಇವಳು ಕರೆದ್ರೆ ಬರಲ್ಲ ಫ್ರಾನ್," ಅಂದಳು ಲಿಯಾನ್. ಹಲ್ಲು ಕಟಕಟಿಸುತ್ತಿತ್ತು. "ನಾನು ಸುಳ್ಳು ಹೇಳ್ದೆ. ಹುಡುಕ್ತಾ ಇರು, ಎಡವಿದ್ರೂ ಸರಿ, ಹುಡುಕು."

ಅವಳು ಹಾಲ್‌ಗೆ ಓಡಿದಳು. ದಂಡೆಯ ತಿರುವಿನಲ್ಲೇ ಹಾಲ್, ಮಂಗಳವಾರವೇ ಆಗಿತ್ತು. ಬಾಗಿಲು ದೂಡಿದಾಗ ಚಹಾದ ಕಪ್ಪುಗಳೆಲ್ಲ ಗಾಳಿಯಲ್ಲೇ ನಿಂತವು. "ಗಂಟೆ! ಅಜ್ಜಿ, ಗಂಟೆ! ನೆಲ್ ನೀರಲ್ಲಿ ಕಲ್ಲಾಗಿದ್ದಾಳೆ!" ಡಾಟ್ ಅಜ್ಜಿ ಒಂದು ಮಾತೂ ಕೇಳಲಿಲ್ಲ. ಮನೆ ಚಪ್ಪಲಿಯಲ್ಲೇ, ಮಂಡಿನೋವಿನ ಕಾಲಲ್ಲೇ ಓಡಿದಳು. ಗೋಡೆ ಮುಟ್ಟುವಾಗ ಎರಡನೇ ಸೈರನ್ ಕೂಗುತ್ತಿತ್ತು. ಅದು ನಿಲ್ಲೋ ತನಕ ಕಾಯಬೇಕಾಯಿತು. ಆ ಕಾಯೋದಿದೆಯಲ್ಲ, ಲಿಯಾನ್ ಅದನ್ನು ಸಾಯೋವರೆಗೂ ಮರೆಯಲಾರಳು.

ಸೈರನ್ ನಿಂತಿತು. ಅಜ್ಜಿ ಎರಡೂ ಕೈಯಿಂದ ಗಂಟೆ ಎತ್ತಿ ಬಾರಿಸಿದಳು.

ನೀರಿನ ನಡುವೆ, ಫ್ರಾನ್ ಆಗಲೇ ಎರಡು ಸಲ ದಾಟಿ ಹೋಗಿದ್ದ ಜಾಗದಲ್ಲಿ, ಒಂದು ಬೂದು ಕಲ್ಲು ಎದ್ದು ನಿಂತಿತು. ನೀರು ಅದರ ಮಂಡಿಮಟ್ಟಕ್ಕಿತ್ತು, ಮಲಗಿದ್ದಾಗ ಮೂಗಿನ ಹತ್ತಿರಕ್ಕೇ ಬಂದಿರಬೇಕು.

ನೆಲ್‌ಳನ್ನು ಎತ್ತಿ ತಂದು ಹಾಲ್‌ನಲ್ಲಿ ಹೀಟರಿನ ಪಕ್ಕ ಕಂಬಳಿ ಸುತ್ತಿ ಕೂರಿಸಿದರು. ಆಂಬುಲೆನ್ಸಿನವರು ಎದೆ, ಕಿವಿ, ಬೆರಳು ಎಲ್ಲ ನೋಡಿ, ಪುಣ್ಯ, ಏನೂ ಆಗಿಲ್ಲ ಅಂದರು. ಹೇಲಿ ತಾನೇ ಬಿಸಿ ಹಾಲು ತಂದು ಕೈಗೆ ಕೊಟ್ಟು ಮೂಲೆಗೆ ಹೋಗಿ ಕಣ್ಣೊರೆಸಿಕೊಂಡಳು. ನೆಲ್‌ಳ ತುಟಿಗೆ ಬಣ್ಣ ಬರತೊಡಗಿತು.

"ನಾನು ಕೂಗಿದ್ದು ಕೇಳಿಸ್ತಾ ಪುಟ್ಟೀ?"

"ಹೂಂ," ಅಂದಳು ನೆಲ್. "ನೀನು ಅಳ್ತಿದ್ದೆ. ನನ್ನ ಕೈ ಮೇಲೇ ಕಾಲಿಟ್ಟು ಹೋದೆ. ನಾನು ಅಲ್ಲಾಡಲೇ ಇಲ್ಲ."

ಡಾಟ್ ಅಜ್ಜಿ ಗಂಟೆಯನ್ನು ಮಗುವಿನ ಮಡಿಲಲ್ಲಿಟ್ಟಳು. "ತಗೋ ಮಗಳೇ. ಇದು ನಿನ್ನ ಬಾಕಿ. ಒಂದು ಸಲ ಬಾರಿಸಿಬಿಡು, ಆಟ ಪೂರ್ತಿ ಮುಗಿದುಹೋಗಲಿ. ಇಂಥಾ ಆಟ ಇನ್ನು ನಾನು ಯಾರಿಗೂ ಕಲಿಸಲ್ಲ."

ನೆಲ್ ಗಂಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಒಳಗೆ ಕೈ ಹಾಕಿ ಅದರ ನಾಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಅಮ್ಮನ ಕಡೆ ತಿರುಗಿದಳು. ಕೋಪವಿರಲಿಲ್ಲ, ನಗುವೂ ಇರಲಿಲ್ಲ.

"ಯಾರಾದ್ರೂ ಕಲ್ಲಾದ್ರೆ ತಾನೇ ಬಾರಿಸೋದು?" ಅಂದಳು. "ಅಮ್ಮಾ, ಬಂತು ಬಂತು, ನೀರು ಬಂತು."

ಲಿಯಾನ್ ಒದ್ದೆ ಬಟ್ಟೆಯಲ್ಲೇ ಹಾಲ್‌ನ ತಣ್ಣನೆ ನೆಲದ ಮೇಲೆ ಮುದುಡಿ ಮಲಗಿದಳು. ಮಂಡಿ ಎದೆಗೆ ತಂದುಕೊಂಡಳು. ಚಳಿಗೆ ಮೈ ಅದುರುತ್ತಿತ್ತು, ಅದುರಬಾರದು ಅಂತ ಹಲ್ಲು ಕಚ್ಚಿ ಹಿಡಿದಳು. ಮೇಲೆ ಜನ ಪಿಸುಗುಟ್ಟುತ್ತಿದ್ದದ್ದು ಕೇಳಿಸಿತು. "ಸಾಕು ಕಣಮ್ಮ, ಬಾರಿಸಿಬಿಡು ಚಿನ್ನಾ," ಅಂತ ಡಾಟ್ ಅಜ್ಜಿ ಬೇಡುತ್ತಿದ್ದದ್ದೂ ಕೇಳಿಸಿತು.

ಕಣ್ಣೆದುರು ನೆಲ್‌ಳ ಪುಟ್ಟ ಪಾದಗಳಿದ್ದವು, ಬೆರಳುಗಳ ನಡುವೆ ಇನ್ನೂ ಮರಳು ಅಂಟಿಕೊಂಡಿತ್ತು. ಲಿಯಾನ್ ಅವನ್ನೇ ನೋಡುತ್ತಾ ಗಂಟೆಗಾಗಿ ಕಾದಳು. ನೆಲ್ ಮುಷ್ಟಿ ಸಡಿಲಿಸಲಿಲ್ಲ.