ಇದು ನಾನಲ್ಲ

ಮುಂದಿನ ಟ್ರಕ್ಕಿನ ಟಾರ್ಪಾಲಿನ ಒಂದಂಚು ಬಿಚ್ಚಿಕೊಂಡು ಗಾಳಿಗೆ ತೆರೆತೆರೆಯಾಗಿ ನಡುಗುತ್ತಿದೆ, ಹಾಗೇ, ಥೇಟ್ ಹಾಗೇ ನಡುಗುತ್ತದೆ ಮೈಕ್ರೋಸ್ಕೋಪಿನ ಲೆನ್ಸಿನಡಿ ಆ ಕ್ರಿಮಿಯ ಮೈಯಂಚು ಕೂಡ — ಪದ್ಮಜಾ ಬ್ರೇಕು ತುಳಿದಳು, ಓಕ್‌ಲ್ಯಾಂಡಿನ ಕ್ಲಿನಿಕ್ಕು ಬಿಟ್ಟು ಹೇವರ್ಡ್ ಮುಟ್ಟುವ ಹೊತ್ತಿಗೆ ಫ್ರೀವೇ ದಿನವೂ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಳ್ಳಲಿ, ಬೆರ್ರಿಯೆಸಾದ ಮನೆ ಬಾಗಿಲಲ್ಲಿ ಅತ್ತೆ ಸತ್ಯವತಮ್ಮ ಕಾದಿರುತ್ತಾರೆ, ಆ ಹೆಂಗಸರನ್ನ ಮುಟ್ಟಿದ ಕೈಯಮ್ಮ, ಮೊದಲು ಸ್ನಾನ ಮಾಡ್ಕೊಂಡು ಬಾ, ಆಮೇಲೆ ಕಾಫಿ ಅನ್ನುತ್ತಾರೆ, ಅತ್ತೆಯದೇನು ತಪ್ಪು, ಟೀವಿ ಹಾಕಿದರೆ ಬರೀ ಏಡ್ಸು, ಬರೀ ಸೂಜಿ, ಕ್ಲಿನಿಕ್ಕಿನ ದೊಡ್ಡ ಡಾಕ್ಟರೇ ಒಂದು ಹೆಜ್ಜೆ ಹಿಂದೆ ನಿಂತು ಮಾತಾಡುತ್ತಾರೆ. ಹೆರಾಯಿನ್ ಬಿಡಲು ಬರುವ ಹೆಂಗಸರಲ್ಲಿ ಎಷ್ಟು ಜನರಿಗೆ ಗುಪ್ತಾಂಗದಲ್ಲಿ ಈ ಪರೋಪಜೀವಿ ಸೋಂಕಿದೆ ನೋಡಿ ಅಂದರು, ನೋಡಿದಳು, ಬೇರೆಯವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು, ಇವರಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ, ಅವರ ಬದುಕೇ ಹಾಗೆ ಬಿಡಿ ಅಂದುಬಿಟ್ಟರು, ಬದುಕು ಹೇಗಾದರೂ ಇರಲಿ, ಮಾತ್ರೆ ನುಂಗಿದರೆ ಹೋಗುವ ಕ್ರಿಮಿ ವರ್ಷಗಟ್ಟಲೆ ಯಾಕೆ ಒಳಗೆ ಕೂತಿದೆ, ಯಾಕೆ ಒಬ್ಬಳೂ ಬಾಯಿ ಬಿಡಲಿಲ್ಲ —

ಬಿಟ್ಟವಳು ಲೊರೇನ್, ಇವತ್ತು ಬೆಳಿಗ್ಗೆ, ಪರೀಕ್ಷೆಗೆ ಮಲಗಿ ಮುಖ ಗೋಡೆಗೆ ತಿರುಗಿಸಿಕೊಂಡು, ವಾಸನೆಗೆ ಬೇಜಾರು ಮಾಡ್ಕೋಬೇಡಿ ಡಾಕ್ಟರ್, ನಾನು ಒಳಗೆ ಕೊಳೀತಾ ಇದೀನಿ, ಚುಚ್ಚಿಕೊಂಡಿದ್ದಕ್ಕೆ ಶಿಕ್ಷೆ, ಎಷ್ಟು ದಿನದಿಂದ ಅಂದಳು ಪದ್ಮಜಾ, ಮಗಳು ಅಂಬೆಗಾಲಿಡ್ತಿದ್ದಾಗಿಂದ, ಅವಳಿಗೂ ಅಂಟತ್ತೆ ಅಂತ ಎತ್ಕೊಳ್ಳೋದೇ ಬಿಟ್ಟೆ, ಈಗ ರಿಚ್ಮಂಡಲ್ಲಿ ತಂಗಿ ಹತ್ರ ಇದಾಳೆ. ಪದ್ಮಜಾ ಸ್ರಾವದ ಹನಿಯನ್ನು ಗಾಜಿಗಿಟ್ಟು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಪಕ್ಕದ ಕೋಣೆಗೆ ನಡೆದಳು, ತಣ್ಣಗಾದರೆ ಕ್ರಿಮಿಯ ಓಡಾಟ ನಿಂತುಹೋಗುತ್ತದೆ, ಮೈಸೂರಲ್ಲಿ ಓದುವಾಗ ಮೊದಲ ಸಲ ಕಂಡಾಗ ಉಸಿರೇ ಮರೆತಿತ್ತು, ಕಣ್ಣಿಗೇ ಕಾಣದ ಈ ಜೀವಕ್ಕೆ ಎಂಥ ಅವಸರ, ಮುಂದೆ ನಾಲ್ಕು ಎಳೆ ಚಾಟಿ ಬೀಸಿಕೊಂಡು, ಮೈಯಂಚು ಅಲೆಯಾಡಿಸಿಕೊಂಡು, ಇದನ್ನು ಯಾರು ಕೂತು ಹೊಲಿದರೋ ಅಂತ, ಇವತ್ತೂ ಅದೇ ಬೆರಗು — ನಾನೂ ನೋಡಬಹುದಾ, ಹಿಂದಿನಿಂದ ದನಿ, ಲೊರೇನ್, ಕಾಗದದ ಗೌನನ್ನು ಎದೆಗವುಚಿಕೊಂಡು. ನೋಡಿ, ಪದ್ಮಜಾ ಸರಿದು ಹಿಂದೆ ನಿಂತಳು. ಲೊರೇನ್ ಲೆನ್ಸಿಗೆ ಕಣ್ಣಿಟ್ಟಳು. ಈಜ್ತಾ ಇದೆ. ಹೌದು. ವಾಸನೆ, ಉರಿ, ಎಲ್ಲ ಇದೇನಾ. ಇದೇ, ನೀವು ಕೊಳೆತಿಲ್ಲ, ಮಾತ್ರೆಗೆ ಹೋಗತ್ತೆ. ಹಾಗಾದ್ರೆ ಇದು ನಾನಲ್ಲ. ನೀವಲ್ಲ. ಮಗಳನ್ನ ಎತ್ಕೋಬಹುದಾ. ಎತ್ಕೊಂಡರೆ ಅಂಟಲ್ಲ, ಯಾವತ್ತೂ ಅಂಟ್ತಿರಲಿಲ್ಲ — ಅಂದಮೇಲೆ ಗೊತ್ತಾಯಿತು ಎಂಥ ಮಾತು ಅಂದೆನೆಂದು, ಮಗಳನ್ನು ಇಷ್ಟು ವರ್ಷ ದೂರವಿಟ್ಟದ್ದು ಬರಿದೇ ಅಂದಂತಾಯಿತು, ಲೊರೇನ್ ಅಳಲಿಲ್ಲ, ಲೆನ್ಸಿನಿಂದ ಕಣ್ಣೂ ತೆಗೆಯಲಿಲ್ಲ, ಆಮೇಲೆ ಮಾತ್ರೆ ನುಂಗಿದಳು, ಕ್ಲಿನಿಕ್ಕಿನ ಫೋನಿಂದಲೇ ತಂಗಿಗೆ ಫೋನು ಮಾಡಿದಳು, ಬಟ್ಟೆ ತೊಟ್ಟು ಹೋದವಳು ಕಾರಿಡಾರಿನಲ್ಲಿ ಹೆರಾಯಿನ್ ಬಿಡಿಸುವ ಮೆಥಡೋನ್ ಮದ್ದಿಗೆ ಸಾಲು ನಿಂತವರಿಗೆ ಏನು ಹೇಳಿದಳೋ, ಮಧ್ಯಾಹ್ನದ ಹೊತ್ತಿಗೆ ಬಾಗಿಲ ತುಂಬ ಹೆಂಗಸರು, ತಾವಾಗಿಯೇ, ನನ್ನದನ್ನೂ ನೋಡಿ, ನನಗೂ ತೋರಿಸಿ, ಒಬ್ಬೊಬ್ಬಳೂ ಬಗ್ಗಿ ತನ್ನದನ್ನು ತಾನೇ ನೋಡಿ ಎದ್ದು ಬೇರೆಯೇ ಮುಖ ಹೊತ್ತು ಹೋದಳು, ಅರ್ಧಕ್ಕರ್ಧ ಅನ್ನುವುದು ನಾಳೆ ಇನ್ನೂ ಏರುತ್ತದೆ, ಏರಲಿ, ಎಣಿಕೆ ಏರಿದಷ್ಟೂ ರೋಗ ಇಳಿಯುತ್ತದೆ, ದೇವರೇ, ಮಾತ್ರೆಗಿಂತ ಮೊದಲು ಕೆಲಸ ಮಾಡಿದ್ದು ಯಾವುದು — ಹಿಂದಿನ ಕಾರು ಹಾರ್ನು ಹೊಡೆಯಿತು, ಟ್ರಕ್ಕು ಆಗಲೇ ದೂರ ಹೋಗಿದೆ, ಯಾವತ್ತೂ ಅಂಟ್ತಿರಲಿಲ್ಲ ಅಂದಾಗ ಲೊರೇನಳ ಮುಖ ಹೇಗಾಗಿತ್ತು, ಕಾಣಲಿಲ್ಲವಲ್ಲ, ಪದ್ಮಜಾ ಹಿಂದೆ ನಿಂತಿದ್ದಳು, ಕಂಡದ್ದು ಅವಳ ಬರಿಗಾಲು, ಲೆನ್ಸಿಗೆ ಎತ್ತರ ಸಾಲದೆ ಲೊರೇನ್ ತುದಿಗಾಲಲ್ಲಿ ನಿಂತಿದ್ದಳು, ಬಿರುಕು ಬಿಟ್ಟ ಎರಡು ಹಿಮ್ಮಡಿ, ತಣ್ಣನೆ ನೆಲ ಬಿಟ್ಟೆದ್ದು ಹಾಗೇ, ಆ ಮಾತು ಕೇಳಿದ ಮೇಲೂ ಇಳಿಯದೆ — ಮತ್ತೆ ಹಾರ್ನು, ಹೋಗಬೇಕು, ಕಾಲು ಪೆಡಲಿಗೆ ಹೋಗುತ್ತಿಲ್ಲ, ನೆಲ ಬಿಟ್ಟೆದ್ದ ಆ ಎರಡು ಹಿಮ್ಮಡಿ, ಎರಡು ಹಿಮ್ಮಡಿ